ಕೈಯ ಮೇಲೆ ಕೈ ಇಟ್ಟು



ಲಕ್ವ ಹೊಡೆದ ಕೈಗೆ ಎಣ್ಣೆ ಹಚ್ಚಿ ಜೋರಾಗಿ ಜಗ್ಗಿದರೆ ಸಡಿಲಾಗುತ್ತದೆ ಅನ್ನುವವರು ನಮ್ಮ ಕಡೆ ಬಹಳ. ಆಗುವುದು ಉಲ್ಟಾ. ಬಿಗಿದ ಸ್ನಾಯುವನ್ನು ಗಕ್ಕನೆ ಎಳೆದಷ್ಟೂ ಬಿಗಿತ ಹೆಚ್ಚುತ್ತದೆ. ತೋಳು ಜಗ್ಗಿದರಂತೂ ಭುಜದ ಕೀಲೇ ಸರಿದೀತು. ಬಿಗಿದ ಮುಷ್ಟಿ ಬಿಡಿಸುವಾಗ ಬಲ್ಲವರು ಬೆರಳ ತುದಿ ಮುಟ್ಟುವುದಿಲ್ಲ. ಮೊದಲು ಮಣಿಕಟ್ಟನ್ನು ಮೆಲ್ಲಗೆ ಅಂಗೈ ಕಡೆ ಬಾಗಿಸುತ್ತಾರೆ. ಬೆರಳುಗಳ ಹಿಡಿತ ಸಡಿಲಾಗುತ್ತದೆ. ಆಮೇಲೆ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಮುಷ್ಟಿಯಿಂದ ಬಿಡಿಸುತ್ತಾರೆ. ರೇಡಿಯೋದಲ್ಲಿ ನಾನು ಇಷ್ಟು ಹೇಳಿಬಿಡಬಹುದು. ಎಷ್ಟು ಮೆಲ್ಲಗೆ, ಎಲ್ಲಿ ನಿಲ್ಲಬೇಕು? ಅದಕ್ಕೆ ಕಲಿಸುವವರು ನಿಮ್ಮ ಕೈಯ ಮೇಲೆ ತಮ್ಮ ಕೈ ಇಟ್ಟು ತೋರಿಸಬೇಕು.

ಹೀಗೆ ಕೈಕಾಲನ್ನು ಮತ್ತೆ ದಿನದ ಕೆಲಸಕ್ಕೆ ಹಚ್ಚುವ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಅನ್ನುತ್ತಾರೆ. ಅದನ್ನು ಕಲಿಸಲು ನಮ್ಮ ದೇಶದಲ್ಲಿ ಮೊದಲು ಶಾಲೆ ತೆರೆದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿಯಾಗಿ. ಇಲ್ಲಿಯವರನ್ನು ಮದುವೆಯಾಗಿ ಇಲ್ಲಿಯವರೇ ಆದರು. ನಲವತ್ತು ದಾಟಿದ ಮೇಲೆ ತವರುದೇಶಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದರು. 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ, 1952ರಲ್ಲಿ ಅಖಿಲ ಭಾರತ ಸಂಘ, 1958ರಲ್ಲಿ ನಾಗಪುರದಲ್ಲಿ ಇನ್ನೊಂದು ಶಾಲೆ. ರೋಗಿಗಳನ್ನಷ್ಟೇ ನೋಡುತ್ತಾ ಕೂತಿದ್ದರೆ ಅವರ ಎರಡು ಕೈಗೆ ಎಷ್ಟು ಮಂದಿ ಸಿಗುತ್ತಿದ್ದರು?

ಈ ಚಿಕಿತ್ಸೆಯಲ್ಲಿ ನನಗೆ ಹಿಡಿಸಿದ್ದೆಂದರೆ, ರೋಗಿಯ ದಿನನಿತ್ಯದ ಕೆಲಸವೇ ಮದ್ದು. ಹೂ ಕಟ್ಟುವ ಹಡಗಲಿಯ ಹೆಣ್ಣುಮಗಳಿಗೆ ರಬ್ಬರ್ ಚೆಂಡು ಯಾಕೆ ಬೇಕು? ಮಲ್ಲಿಗೆ ಮೊಗ್ಗು ಕೊಡಿ. ಎರಡು ಬೆರಳಲ್ಲಿ ಎತ್ತಬೇಕು, ಜೋಡಿಸಬೇಕು, ದಾರ ಸುತ್ತಬೇಕು. ಒತ್ತಿದ್ದು ಹೆಚ್ಚಾದರೆ ಮೊಗ್ಗು ನಲುಗಿ ತಾನೇ ಹೇಳುತ್ತದೆ. ಕೂಡ್ಲಿಗಿಯವರಿಗೆ ಶೇಂಗಾ ಸುಲಿಯುವುದು ಇದ್ದೇ ಇದೆ.

ಆದರೆ ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೈಕಾಲು ಸೆಟೆದ ಮಗುವಿಗೆ ಥೆರಪಿಸ್ಟ್ ತಿಂಗಳಿಗೊಮ್ಮೆ ಸಿಕ್ಕರೆ ದೊಡ್ಡದು. ಉಳಿದ ದಿನ ಅಂಗಿ ತೊಡಿಸುವುದು, ಸ್ನಾನ ಮಾಡಿಸುವುದು ಅವ್ವ. ಅವಳಿಗೆ ಕಲಿಸದೆ ಹೋದರೆ ಬಂದದ್ದೇ ದಂಡ.

ನಮ್ಮಲ್ಲಿ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ಏರ್ಪಾಡಿದೆ. ಹಳ್ಳಿಯ ಕಾರ್ಯಕರ್ತರು ಸ್ವತಃ ಅಂಗವಿಕಲರು, ಕಷ್ಟ ಬಲ್ಲವರು. ಮಾಸಾಶನದ ಅರ್ಜಿ ತುಂಬಿಸಲಷ್ಟೇ ಅವರನ್ನು ಹುಡುಕಿಕೊಂಡು ಹೋಗುತ್ತೇವೆ. ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಥೆರಪಿಸ್ಟ್ ಬಂದ ದಿನ ಈ ಕಾರ್ಯಕರ್ತರನ್ನೂ ನಾಲ್ಕು ಅವ್ವಂದಿರನ್ನೂ ಒಟ್ಟಿಗೆ ಚಾಪೆ ಮೇಲೆ ಕೂರಿಸಿ ಮಣಿಕಟ್ಟು ಬಾಗಿಸುವುದನ್ನು ಕಲಿಸಬಹುದು. ಅದಕ್ಕೆ ಯಂತ್ರವೂ ಬೇಡ, ಕಟ್ಟಡವೂ ಬೇಡ. ಥೆರಪಿಸ್ಟ್ ಬರುವ ದಿನ ಮುಂಚೆಯೇ ಗೊತ್ತಾಗಬೇಕು, ಅಷ್ಟೇ.