ನೆರೆ ಇಳಿದ ಮೇಲೆ: ವಲಸಿಗರ ಒಂದು ಬಡಾವಣೆಯ ಕಥೆ



ನಿಮ್ಮ ಅಟ್ಲಾಸಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪುಟವನ್ನು ತೆರೆಯಿರಿ. ಮಿಸಿಸಿಪ್ಪಿ ನದಿಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಸಾಗಿರಿ. ನದಿ ಮೆಕ್ಸಿಕೋ ಕೊಲ್ಲಿಯನ್ನು ಸೇರುವುದಕ್ಕೆ ಸ್ವಲ್ಪ ಮೊದಲು ನ್ಯೂ ಆರ್ಲಿಯನ್ಸ್ ಎಂಬ ನಗರ ಸಿಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಪಾಂಚಟ್ರೇನ್ ಎಂಬ ದೊಡ್ಡ ಸರೋವರ, ನಡುವೆ ಊರು. ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಬೋಗುಣಿಯ ತಳದಲ್ಲಿ ಮನೆ ಕಟ್ಟಿಕೊಂಡ ಹಾಗೆ. ಅಲ್ಲಿ ಸುರಿದ ಮಳೆಯ ನೀರು ತಾನಾಗಿ ಹರಿದುಹೋಗುವುದಿಲ್ಲ. ಪಂಪುಗಳಿಂದ ಎತ್ತಿ ಹೊರಗೆ ಹಾಕಬೇಕು. ನದಿ, ಸರೋವರ, ಕಾಲುವೆಗಳ ಅಂಚಿಗೆ ಕಟ್ಟಿರುವ ಒಡ್ಡುಗಳೂ ತಡೆಗೋಡೆಗಳೂ ಈ ಊರನ್ನು ಕಾಯುತ್ತವೆ.

ನಗರದ ಮಧ್ಯಭಾಗದಿಂದ ಸುಮಾರು 20 ಕಿಲೋಮೀಟರ್ ಪೂರ್ವಕ್ಕೆ, ಜೌಗು ನೆಲದ ಅಂಚಿನಲ್ಲಿ, ವರ್ಸೇಲ್ಸ್ ಎಂದು ಕರೆಯುವ ಒಂದು ಬಡಾವಣೆಯಿದೆ. ಫ್ರಾನ್ಸಿನ ಅರಮನೆಯನ್ನು ನೆನೆಯಬೇಡಿ. ಅಲ್ಲಿದ್ದ ಒಂದು ಬಾಡಿಗೆ ಮನೆಗಳ ಸಮೂಹಕ್ಕೆ ವರ್ಸೇಲ್ಸ್ ಆರ್ಮ್ಸ್ ಎಂದು ಹೆಸರಿತ್ತು. ಅದೇ ಇಡೀ ಬಡಾವಣೆಗೆ ಅಂಟಿಕೊಂಡಿತು. ಇಲ್ಲಿ ನೆಲೆಸಿದವರಲ್ಲಿ ಬಹುಮಂದಿ ವಿಯೆಟ್ನಾಮಿನಿಂದ ಬಂದವರು. ಇಂದು ನಾನು ಹೇಳಹೊರಟಿರುವುದು ಇವರ ಕಥೆಯನ್ನು.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಯಾವುದೋ ಒಂದು ಮನೆಯ ಕಥೆ ಇದಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ನಡೆದದ್ದು. ಮನೆಯ ಅಜ್ಜಿ ಉತ್ತರ ವಿಯೆಟ್ನಾಮಿನ ಹಳ್ಳಿಯವಳು, ಕ್ಯಾಥೊಲಿಕ್ ಕ್ರೈಸ್ತಳು. 1954ರಲ್ಲಿ ದೇಶ ಎರಡಾಯಿತು. ಉತ್ತರದಲ್ಲಿ ಕಮ್ಯುನಿಸ್ಟ್ ಆಡಳಿತ ಬಂತು. ಆಗ ಲಕ್ಷಾಂತರ ಜನ ದಕ್ಷಿಣಕ್ಕೆ ಹೊರಟರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅಜ್ಜಿಯೂ ಹೊರಟಳು. ದಕ್ಷಿಣದ ಕಡಲ ತೀರದಲ್ಲಿ ಮತ್ತೆ ಮನೆ, ಮತ್ತೆ ಹಿತ್ತಿಲು. ಇಪ್ಪತ್ತೊಂದು ವರ್ಷವಾದ ಮೇಲೆ, 1975ರ ಏಪ್ರಿಲ್ 30ರಂದು, ಸೈಗಾನ್ ನಗರವೂ ಬಿತ್ತು. ಎರಡನೆಯ ಸಲ ಎಲ್ಲವನ್ನೂ ಬಿಟ್ಟು ದೋಣಿ ಹತ್ತಬೇಕಾಯಿತು. ಅಮೆರಿಕದ ನಿರಾಶ್ರಿತರ ಶಿಬಿರಗಳಲ್ಲಿ ಕೆಲವು ತಿಂಗಳು ಕಳೆದವು. ನ್ಯೂ ಆರ್ಲಿಯನ್ಸಿನ ಕ್ಯಾಥೊಲಿಕ್ ಸಂಸ್ಥೆಗಳು ಸುಮಾರು ಒಂದು ಸಾವಿರ ಮಂದಿಗೆ ವರ್ಸೇಲ್ಸ್ ಆರ್ಮ್ಸಿನಲ್ಲಿ ಮನೆ ಕೊಡಿಸಿದವು. ಮುಂದಿನ ವರ್ಷ ಇವರನ್ನು ಹುಡುಕಿಕೊಂಡು ಬಂಧುಗಳೂ ಊರಿನವರೂ ಬಂದರು. ಹವೆ ಒಗ್ಗಿತು; ಸೆಕೆ, ಮಳೆ, ನದಿಯ ಮುಖಜ, ಸಿಗಡಿ ಹಿಡಿಯುವ ಕಸುಬು, ಎಲ್ಲವೂ ತಮ್ಮ ನಾಡಿನಂತೆಯೇ ಇತ್ತು.

ಮಗ ಸಿಗಡಿ ದೋಣಿಯಲ್ಲಿ ದುಡಿದ. ಸೊಸೆ ಅಂಗಡಿಯಲ್ಲಿ ಕೆಲಸ ಮಾಡಿದಳು. ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದರು. ಅಜ್ಜಿ ಮಾತ್ರ ಕಾಲುವೆಯ ದಂಡೆಯ ಮೇಲೆ ಖಾಲಿ ಜಾಗ ಕಂಡಲ್ಲೆಲ್ಲ ತರಕಾರಿ ಹಾಕಿದಳು. ಏನೇನು ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಬಸಳೆ, ಹಾಗಲ, ಹೀರೆ, ಕೆಸು! ಶನಿವಾರ ಬೆಳಕು ಹರಿಯುವ ಮೊದಲೇ ಅಲ್ಲಿ ಸಂತೆ ಸೇರುತ್ತಿತ್ತು. ನೆಲದ ಮೇಲೆ ಗೋಣಿ ಹಾಸಿ, ಸೊಪ್ಪು ಹರಡಿ, ಬಿದಿರ ಟೋಪಿ ಹಾಕಿಕೊಂಡ ಮುದುಕಿಯರು ವ್ಯಾಪಾರಕ್ಕೆ ಕುಳಿತಿರುತ್ತಿದ್ದರು. ಕನ್ನಡ ನಾಡಿನ ಯಾವ ಸಂತೆಯಲ್ಲಿ ಕೂರಿಸಿದರೂ ಆ ಅಜ್ಜಿಗೆ ಪರಕೀಯವೆನಿಸಲಾರದು.

ಈಗ 2005ಕ್ಕೆ ಬರೋಣ. ಆ ವರ್ಷ ಆಗಸ್ಟ್ 29ರ ಸೋಮವಾರ ಕತ್ರಿನಾ ಎಂಬ ಚಂಡಮಾರುತ ಆ ಕರಾವಳಿಗೆ ಅಪ್ಪಳಿಸಿತು. ಊರನ್ನು ಮುಳುಗಿಸಿದ್ದು ಗಾಳಿಯಲ್ಲ, ಮಳೆಯೂ ಅಲ್ಲ ಎಂಬುದನ್ನು ಗಮನಿಸಿ. ಚಂಡಮಾರುತ ಕಡಲ ನೀರನ್ನೇ ಗುಡ್ಡೆಯಾಗಿ ನೂಕಿಕೊಂಡು ಬರುತ್ತದೆ. ಆ ನೀರು ಒಡ್ಡುಗಳ ಮೇಲೆ ಹಾಯ್ದಿತು. ಐವತ್ತಕ್ಕೂ ಹೆಚ್ಚು ಕಡೆ ಒಡ್ಡುಗಳೂ ತಡೆಗೋಡೆಗಳೂ ಒಡೆದವು. ಕೆಲವು ಗೋಡೆಗಳು ನೀರು ನೆತ್ತಿಯನ್ನು ಮುಟ್ಟುವ ಮೊದಲೇ ಬಿದ್ದವು, ಅಂದರೆ ವಿನ್ಯಾಸದಲ್ಲಿಯೇ ದೋಷವಿತ್ತು. ಹಡಗುಗಳ ಅನುಕೂಲಕ್ಕೆಂದು 1960ರ ದಶಕದಲ್ಲಿ ಜೌಗು ನೆಲವನ್ನು ಸೀಳಿ ತೋಡಿದ್ದ ಒಂದು ಕಾಲುವೆಯ ದಂಡೆಯೂ ಕೊಚ್ಚಿಹೋಗಿ, ಪೂರ್ವದ ಬಡಾವಣೆಗಳಿಗೆ ಕಡಲ ನೀರು ನುಗ್ಗಲು ದಾರಿಯಾಯಿತು. ನಗರದ ನೂರಕ್ಕೆ ಎಂಬತ್ತು ಭಾಗ ನೀರಿನಲ್ಲಿ ನಿಂತಿತು. ಇಡೀ ಚಂಡಮಾರುತಕ್ಕೆ ಬಲಿಯಾದವರು 1,300ಕ್ಕೂ ಹೆಚ್ಚು ಮಂದಿ. ಪ್ರಕೃತಿಯ ಮುನಿಸು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ನೆರೆಯಲ್ಲಿ ಮನುಷ್ಯನ ಪಾಲು ಸಣ್ಣದಲ್ಲ.

ನಮ್ಮ ಕುಟುಂಬ ಎರಡು ದಿನ ಮೊದಲೇ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟಿತ್ತೆನ್ನಿ. ಸುಮಾರು 550 ಕಿಲೋಮೀಟರ್ ದೂರದ ಹ್ಯೂಸ್ಟನ್ನಿನಲ್ಲಿ ದೊಡ್ಡ ವಿಯೆಟ್ನಾಮಿ ಸಮುದಾಯವಿದೆ. ಅಲ್ಲಿನ ವಿಯೆಟ್ನಾಮಿ ಭಾಷೆಯ ರೇಡಿಯೊ ಕೇಂದ್ರ ಸಂತ್ರಸ್ತರಿಗೆ ಎಲ್ಲಿಗೆ ಬರಬೇಕೆಂದು ಹೇಳುತ್ತಿತ್ತು. ಒಂದು ದೊಡ್ಡ ಅಂಗಡಿ ಸಂಕೀರ್ಣದ ಅಂಗಳವೇ ಗಂಜಿ ಕೇಂದ್ರವಾಯಿತು. ಪರಿಚಯವೇ ಇಲ್ಲದ ಮನೆಯವರು ಬಂದು, ನಮ್ಮಲ್ಲಿಗೆ ಬನ್ನಿ ಎಂದು ಕರೆದುಕೊಂಡು ಹೋದರು. ಬಾನುಲಿ, ದೂರದರ್ಶನಗಳಿಗಾಗಿ ದುಡಿಯುವ ನಮ್ಮಂಥವರಿಗೆ ಇದು ಕೇಳಲು ಹಿತವಾದ ಸಂಗತಿ.

ಎಲ್ಲರೂ ಹೊರಟಿರಲಿಲ್ಲ. ಮುದುಕರು, ರೋಗಿಗಳು, ಕಾರಿಲ್ಲದವರು ಉಳಿದರು. ವರ್ಸೇಲ್ಸಿನ ಮೇರಿ ಕ್ವೀನ್ ಆಫ್ ವಿಯೆಟ್ನಾಂ ಚರ್ಚಿನ ಧರ್ಮಗುರು ಫಾದರ್ ವಿಯೆನ್ ಅವರೂ ಉಳಿದರು. ನೀರು ಏರಿದಾಗ ನೂರಾರು ಮಂದಿಗೆ ಚರ್ಚಿನ ಕಟ್ಟಡಗಳೇ ಆಸರೆಯಾದವು. ಕೊನೆಗೆ ಅವರನ್ನೂ ಊರಿನಿಂದ ಹೊರಗೆ ಸಾಗಿಸಲಾಯಿತು. ಬಡಾವಣೆ ಖಾಲಿಯಾಯಿತು.

ಮೂರನೆಯ ಸಲ ಮನೆ ಕಳೆದುಕೊಂಡ ಅಜ್ಜಿ ಏನು ಮಾಡಿಯಾಳು? ಹ್ಯೂಸ್ಟನ್ನಿನಲ್ಲಿಯೇ ಉಳಿಯಬಹುದಿತ್ತು, ಅಲ್ಲಿ ಕೆಲಸವಿತ್ತು, ಸ್ವಜನರಿದ್ದರು. ಆದರೆ ಮೊದಲಿನ ಎರಡು ಸಲಕ್ಕೂ ಇದಕ್ಕೂ ಒಂದು ವ್ಯತ್ಯಾಸವಿತ್ತು. ಆಗ ಹಿಂದಿರುಗಲು ಊರು ಇರಲಿಲ್ಲ. ಈಗ ಇತ್ತು, ಕೆಸರು ತುಂಬಿಕೊಂಡು.

ಫಾದರ್ ವಿಯೆನ್ ಶಿಬಿರದಿಂದ ಶಿಬಿರಕ್ಕೆ ತಿರುಗಿ ತಮ್ಮ ಜನರನ್ನು ಹುಡುಕಿದರು. ಅಕ್ಟೋಬರಿನಲ್ಲಿ ಚರ್ಚಿನಲ್ಲಿ ಮೊದಲ ಬಲಿಪೂಜೆ ನಡೆದಾಗ ಸುಮಾರು 300 ಮಂದಿ ಸೇರಿದರು. ಕೆಲವೇ ವಾರಗಳಲ್ಲಿ ಆ ಸಂಖ್ಯೆ ಸಾವಿರವನ್ನು ದಾಟಿತು. ದೀಪವಿರಲಿಲ್ಲ, ಶುದ್ಧ ನೀರಿರಲಿಲ್ಲ.

ನೆರೆ ಇಳಿದ ಮನೆಯ ಕೆಲಸ ಎಂಥದು ಎಂದು ಸ್ವಲ್ಪ ಹೇಳಬೇಕು. ಅಲ್ಲಿನ ಮನೆಗಳ ಗೋಡೆ ನಮ್ಮ ಹಾಗೆ ಇಟ್ಟಿಗೆ, ಗಾರೆಯದಲ್ಲ. ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಂ ಹಲಗೆ ಬಡಿದಿರುತ್ತಾರೆ. ಹಲಗೆ ನೀರನ್ನು ಹೀರಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ವಾರಗಟ್ಟಲೆ ಬಿಟ್ಟರೆ ಸೂರಿನವರೆಗೂ ಕಪ್ಪು ಬೂಷ್ಟು. ಗೋಡೆ ಕಿತ್ತು, ನೆಲಹಾಸು ಕಿತ್ತು, ಮರದ ಅಸ್ಥಿಪಂಜರವಷ್ಟೇ ಉಳಿಯುವವರೆಗೆ ಎಲ್ಲವನ್ನೂ ಬೀದಿಗೆ ಎಸೆಯಬೇಕು. ಕೊಳೆತ ಮಾಂಸ ತುಂಬಿದ ಫ್ರಿಜ್ಜುಗಳನ್ನು ಬಾಗಿಲು ತೆರೆಯದೆ ಹಗ್ಗ ಕಟ್ಟಿ ಹೊರಗಿಟ್ಟರು. ಬಡಗಿ, ವಿದ್ಯುತ್ ಕೆಲಸದವ, ನಲ್ಲಿ ಕೆಲಸದವ ಎಂದು ಕೈಗುಣ ಬಲ್ಲವರೆಲ್ಲ ಗುಂಪು ಕಟ್ಟಿ, ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರದು ಎಂದು ದುಡಿದರು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ನೆನಪಿಸಿಕೊಳ್ಳಿ. ವರ್ಸೇಲ್ಸಿನಲ್ಲಿ ಕೆಲವು ಬೀದಿಗಳು ಸುತ್ತಲಿನ ಬಡಾವಣೆಗಳಿಗಿಂತ ಕಡಿಮೆ ಮುಳುಗಿದ್ದವು ಎಂಬುದನ್ನೂ ಹೇಳಬೇಕು. ಸಾಹಸದ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು ವಿದ್ಯುತ್ತಿನ ಪ್ರಶ್ನೆ. ಇಡೀ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದೇ. ತಂತಿ ಎಳೆಯಬೇಕಾದರೆ ಅಲ್ಲಿ ಸಾಕಷ್ಟು ಗ್ರಾಹಕರು ಇರಬೇಕು ಎನ್ನುವುದು ವಿದ್ಯುತ್ ಕಂಪನಿಯ ನಿಲುವು. ವಿದ್ಯುತ್ ಇಲ್ಲದೆ ಗ್ರಾಹಕರು ಹೇಗೆ ಬಂದಾರು? ಜನ ಬಾರದೆ ವಿದ್ಯುತ್ ಇಲ್ಲ, ವಿದ್ಯುತ್ ಬಾರದೆ ಜನರಿಲ್ಲ. ಈ ಗಂಟನ್ನು ಅವರು ಹೇಗೆ ಬಿಡಿಸಿದರು ಗೊತ್ತೆ? ಫಾದರ್ ವಿಯೆನ್ ಭಾನುವಾರ ಚರ್ಚಿಗೆ ಬಂದ ಜನಸಮೂಹದ ಫೋಟೊಗಳನ್ನು ತೆಗೆದುಕೊಂಡು ಕಂಪನಿಗೆ ಹೋದರು. ಹೆಸರು, ವಿಳಾಸಗಳ ಪಟ್ಟಿ ಕೊಡಿ ಎಂದರೆ ಸುಮಾರು 500 ಹೆಸರುಗಳ ಪಟ್ಟಿಯನ್ನು ತಂದಿಟ್ಟರು. ನವೆಂಬರ್ ಮೊದಲ ಭಾಗದಲ್ಲಿ ವರ್ಸೇಲ್ಸಿಗೆ ದೀಪ ಬಂತು. ಸುತ್ತಮುತ್ತಲ ಪೂರ್ವ ಭಾಗವೆಲ್ಲ ಇನ್ನೂ ಕತ್ತಲೆಯಲ್ಲಿತ್ತು.

ಲೆಕ್ಕಕ್ಕೆ ಸಿಕ್ಕುವುದು ಎಷ್ಟು ಅಗತ್ಯವೆಂಬುದು 2006ರ ಜನವರಿಯಲ್ಲಿ ಮತ್ತೆ ತಿಳಿಯಿತು. ನಗರದ ಪುನರ್ನಿರ್ಮಾಣಕ್ಕೆ ಮೇಯರ್ ರೇ ನೇಗಿನ್ ನೇಮಿಸಿದ್ದ ಆಯೋಗ ಒಂದು ಯೋಜನೆಯನ್ನು ಮುಂದಿಟ್ಟಿತು. ತಗ್ಗಿನ ಬಡಾವಣೆಗಳು ತಮ್ಮಲ್ಲಿ ಸಾಕಷ್ಟು ಜನ ಹಿಂದಿರುಗುತ್ತಾರೆಂದು ನಾಲ್ಕು ತಿಂಗಳಲ್ಲಿ ತೋರಿಸಬೇಕು. ಇಲ್ಲವಾದರೆ ಅಂಥ ಜಾಗ ಉದ್ಯಾನವಾಗಬಹುದು. ಪತ್ರಿಕೆಯ ನಕ್ಷೆಯಲ್ಲಿ ಕೆಲವು ಜಾಗಗಳ ಮೇಲೆ ಹಸಿರು ಚುಕ್ಕೆಗಳಿದ್ದವು. ತಾನು ಹುಟ್ಟಿ ಬೆಳೆದ ಬೀದಿಯ ಮೇಲೆ ಹಸಿರು ಚುಕ್ಕೆಯನ್ನು ಬೆಳಗಿನ ಪತ್ರಿಕೆಯಲ್ಲಿ ಕಂಡವನ ಮನಸ್ಸು ಏನಾಗಿರಬೇಕು! ನಗರದಾದ್ಯಂತ ಜನ ಸಿಡಿದೆದ್ದರು. ಆ ಪ್ರಸ್ತಾಪ ಬಿದ್ದುಹೋಯಿತು.

ಅದರ ಬೆನ್ನಲ್ಲೇ ಮತ್ತೊಂದು ಬಂತು. ಮುರಿದ ಮನೆಗಳ ಕಸವನ್ನು ಎಲ್ಲಿ ಹಾಕಬೇಕು? ಮೇಯರ್ ತುರ್ತು ಅಧಿಕಾರವನ್ನು ಬಳಸಿ, ವರ್ಸೇಲ್ಸಿನಿಂದ 3 ಕಿಲೋಮೀಟರಿನ ಒಳಗೆ, ವನ್ಯಜೀವಿಧಾಮವೊಂದರ ಮಗ್ಗುಲಲ್ಲಿ, ಕಸದ ಗುಂಡಿಗೆ ಅನುಮತಿ ಕೊಟ್ಟರು. ಅದು ಏಪ್ರಿಲಿನಲ್ಲಿ ತೆರೆಯಿತು. ಗುಂಡಿಯ ತಳಕ್ಕೆ ನೀರು ಜಿನುಗದಂತೆ ತಡೆಯುವ ಹಾಸು ಇರಲಿಲ್ಲ. ಬಣ್ಣ, ಕೀಟನಾಶಕ, ಬ್ಯಾಟರಿಗಳ ವಿಷ ಕಾಲುವೆಗೆ ಇಳಿದರೆ, ಅದೇ ನೀರಲ್ಲವೇ ಅಜ್ಜಿಯ ಬಸಳೆಗೆ?

ಅಜ್ಜಿಗೆ ಇಂಗ್ಲಿಷ್ ಬಾರದು. ಮೂವತ್ತು ವರ್ಷ ಅವಳು ಯಾವ ಸರ್ಕಾರದ ಕಚೇರಿಯ ಮುಂದೆಯೂ ದನಿ ಎತ್ತಿದವಳಲ್ಲ. ವರ್ಸೇಲ್ಸಿನ ಹಿರಿಯರೆಲ್ಲ ಹೀಗೆಯೇ, ತಮ್ಮಷ್ಟಕ್ಕೆ ತಾವು ಇದ್ದವರು. ಈಗ ಅವರು ತಮ್ಮ ನಾಡಿನ ಉಡುಪಿನಲ್ಲಿ ನಗರಸಭೆಯ ಮುಂದೆ ಬಂದು ನಿಂತರು. ಅವರ ಪರವಾಗಿ ಮಾತನಾಡಿದವರು ಯಾರು? ಮೊಮ್ಮಕ್ಕಳು, ನಿಮ್ಮ ವಯಸ್ಸಿನವರು, ಪ್ರೌಢಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದವರು. ಹಿರಿಯರ ಮಾತನ್ನು ಇಂಗ್ಲಿಷಿಗೆ, ಅಧಿಕಾರಿಗಳ ಕಾಗದವನ್ನು ವಿಯೆಟ್ನಾಮಿ ಭಾಷೆಗೆ ತಂದವರು ಇವರೇ. ಆ ವರ್ಷವೇ ಅವರು ತಮ್ಮದೊಂದು ಯುವಜನ ಸಂಘವನ್ನು ಕಟ್ಟಿಕೊಂಡರು. ನೆರೆಯ ಕಪ್ಪು ಜನರೂ ಪರಿಸರ ಸಂಘಟನೆಗಳವರೂ ಜೊತೆಗೆ ನಿಂತರು. ಆಗಸ್ಟಿನಲ್ಲಿ ಮೇಯರರ ತುರ್ತು ಆದೇಶದ ಅವಧಿ ಮುಗಿಯಿತು, ಗುಂಡಿ ಮುಚ್ಚಿತು. ಮುಂದೆ 2008ರ ಡಿಸೆಂಬರಿನಲ್ಲಿ, ಇದೇ ನೆರೆಯಲ್ಲಿ ಮನೆ ಕಳೆದುಕೊಂಡಿದ್ದ ವಕೀಲ ಜೋಸೆಫ್ ಕಾವ್ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು. ವಿಯೆಟ್ನಾಮಿ ಮೂಲದವರೊಬ್ಬರು ಅಲ್ಲಿಗೆ ಹೋದದ್ದು ಅದೇ ಮೊದಲು.

ಇಲ್ಲಿ ಒಂದು ಎಚ್ಚರಿಕೆ. ವರ್ಸೇಲ್ಸಿನ ವಿಯೆಟ್ನಾಮಿಗಳಲ್ಲಿ ಬಹುಪಾಲು ಎರಡು ವರ್ಷಗಳಲ್ಲಿ ಹಿಂದಿರುಗಿದರು. ಪಕ್ಕದ ಕಪ್ಪು ಜನರ ಬಡಾವಣೆಗಳಲ್ಲಿ ಬಹಳ ಮನೆಗಳು ಖಾಲಿಯೇ ಉಳಿದವು. ಇವರು ಶ್ರಮಜೀವಿಗಳು, ಅವರು ಸೋಮಾರಿಗಳು ಎಂದು ಆಗ ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆ ಕಟ್ಟಲು ಸರ್ಕಾರ ಕೊಟ್ಟ ನೆರವನ್ನೇ ನೋಡಿ. ದುರಸ್ತಿಯ ಖರ್ಚು, ನೆರೆಗೆ ಮೊದಲಿನ ಮನೆಯ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತಕ್ಕಂತೆ ಹಣ. ಕಪ್ಪು ಜನರ ಬಡಾವಣೆಯಲ್ಲಿ ಅಂಥದೇ ಮನೆಗೆ ಮಾರುಕಟ್ಟೆಯ ಬೆಲೆ ಕಡಿಮೆ. ಆದರೆ ಮರ, ಮೊಳೆ, ಕೂಲಿಯ ದರ ಎಲ್ಲ ಕಡೆಯೂ ಒಂದೇ. ಇದರ ವಿರುದ್ಧ 2008ರಲ್ಲಿ ದಾವೆ ಹೂಡಲಾಯಿತು, 2011ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಎಷ್ಟೋ ಮಂದಿ ಬೇರೆ ಊರುಗಳಲ್ಲಿ ಬೇರುಬಿಟ್ಟಿದ್ದರು.

ವರ್ಸೇಲ್ಸಿನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 2010ರ ಏಪ್ರಿಲ್ 20ರಂದು ಕೊಲ್ಲಿಯಲ್ಲಿ ತೈಲಬಾವಿಯೊಂದು ಸ್ಫೋಟಿಸಿ, ತಿಂಗಳುಗಟ್ಟಲೆ ಎಣ್ಣೆ ಸೋರಿತು. ಮೀನುಗಾರಿಕೆಯನ್ನು ನಿಲ್ಲಿಸಿದರು. ನೆರೆಯ ನಂತರ ಸಾಲ ಮಾಡಿ ರಿಪೇರಿ ಮಾಡಿಸಿದ್ದ ಸಿಗಡಿ ದೋಣಿಗಳು ದಡದಲ್ಲಿ ನಿಂತವು. ಪರಿಹಾರದ ಅರ್ಜಿ ತುಂಬಲು ಮತ್ತೆ ಮಕ್ಕಳೇ ಬೇಕಾಯಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಅಜ್ಜಿಯರ ವಿದ್ಯೆಗೆ ಮರಳಿದರು: 2011ರಲ್ಲಿ ತರಕಾರಿ ಬೆಳೆಗಾರರ ಒಂದು ಸಹಕಾರ ಸಂಘ ಕಟ್ಟಿಕೊಂಡು, ನಗರದ ಹೋಟೆಲುಗಳಿಗೆ ಸೊಪ್ಪು ತರಕಾರಿ ಒದಗಿಸಿದರು.

ಒಡ್ಡುಗಳನ್ನು ಸಾವಿರಾರು ಕೋಟಿ ರೂಪಾಯಿಗಳಿಗೆ ಸಮನಾದ ಹಣ ಹಾಕಿ ಮತ್ತೆ ಕಟ್ಟಿದರು. ಆ ಹಡಗು ಕಾಲುವೆಯನ್ನು 2009ರಲ್ಲಿ ಕಲ್ಲು ತುಂಬಿ ಮುಚ್ಚಿದರು. 2021ರಲ್ಲಿ, ಸರಿಯಾಗಿ ಅದೇ ಆಗಸ್ಟ್ 29ರಂದು, ಐಡಾ ಎಂಬ ಚಂಡಮಾರುತ ಬಂದಾಗ ಒಡ್ಡುಗಳು ನಿಂತವು. ಆದರೆ ನಗರಕ್ಕೆಲ್ಲ ವಿದ್ಯುತ್ ಹೋಯಿತು, ದಿನಗಟ್ಟಲೆ.

1975ರಲ್ಲಿ ಬಂದ ಹಿರಿಯರಲ್ಲಿ ಬಹುಮಂದಿ ಈಗ ಇಲ್ಲ. ಮೊಮ್ಮಕ್ಕಳಲ್ಲಿ ಎಷ್ಟೋ ಜನ ಓದಿ ಬೇರೆ ಊರುಗಳಿಗೆ ಹೋದರು. ಬಡಾವಣೆಗೆ ಸ್ಪ್ಯಾನಿಷ್ ಮಾತನಾಡುವ ಲ್ಯಾಟಿನ್ ಅಮೆರಿಕದ ಕುಟುಂಬಗಳು ಬಂದು ಸೇರಿವೆ. ಅವರ ಮನೆಗಳಲ್ಲಿಯೂ ಕಚೇರಿಯ ಕಾಗದ ಬಂದರೆ ಅದನ್ನು ಅಜ್ಜಿಗೆ ಓದಿ ಹೇಳುವುದು ಶಾಲೆಗೆ ಹೋಗುವ ಮಗು.