ಸೋತ ತಂಡವೊಂದರ ನೆನಪು

ಕ್ರೀಡೆಯ ಚರಿತ್ರೆಕಾರರು ಸಾಮಾನ್ಯವಾಗಿ ಗೆದ್ದವರನ್ನೇ ನೆನೆಯುತ್ತಾರೆ. ನಾನು ಈ ಹೊತ್ತು ಹೇಳಹೊರಟಿರುವುದು ಇಪ್ಪತ್ತು ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದ ತಂಡದ ಸಂಗತಿ. ಆಟ ಅಮೆರಿಕದ ಫುಟ್‌ಬಾಲ್; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಭೇದಿಸಿಕೊಂಡು ಓಡುವ ಆಟ. ನಾನು ಅದರ ಪಂಡಿತನಲ್ಲ. ಈ ತಂಡದ ಕಥೆ ಮಾತ್ರ ಓದಿದಂದಿನಿಂದ ನನ್ನನ್ನು ಕಾಡುತ್ತಿದೆ.

ಓಹಾಯೋ ರಾಜ್ಯದ ಲರೂ ಸಾವಿರ ಜನರೂ ಇಲ್ಲದ ಊರು. ಅಲ್ಲಿ ವಾಲ್ಟರ್ ಲಿಂಗೋ ಎಂಬಾತ ಏರ್‌ಡೇಲ್ ಜಾತಿಯ ನಾಯಿಗಳನ್ನು ಸಾಕಿ ಮಾರುತ್ತಿದ್ದ. ಅವುಗಳ ಜಾಹೀರಾತಿಗೆಂದು 1922ರಲ್ಲಿ ಆತ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ತಂಡವೊಂದನ್ನು ಕಟ್ಟಿದ. ಊರ ಹೆಸರಿಡದೆ ತನ್ನ ನಾಯಿಸಾಕಣೆಯ ಹೆಸರನ್ನೇ ಇಟ್ಟ: ಊರಾಂಗ್ ಇಂಡಿಯನ್ಸ್. ಆಟಗಾರರೆಲ್ಲ ಅಮೆರಿಕದ ಮೂಲನಿವಾಸಿಗಳು. ಕೊಲಂಬಸನ ಪ್ರಮಾದದಿಂದ ನಮ್ಮ ದೇಶದ ಹೆಸರನ್ನು ಹೊತ್ತವರು.

ಅವರ ಮುಂದಾಳು ಜಿಮ್ ಥಾರ್ಪ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಗೆದ್ದವನು. ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂದು ಮರುವರ್ಷವೇ ಅವನ್ನು ಕಸಿದುಕೊಂಡಿದ್ದರು. ಅವನೂ ಜೋ ಗಯಾನನೂ ಕಾರ್ಲೈಲ್ ವಸತಿಶಾಲೆಯಲ್ಲಿ ಓದಿದವರು. ಮೂಲನಿವಾಸಿಗಳ ಮಕ್ಕಳ ಕೂದಲು ಕತ್ತರಿಸಿ, ಉಡುಪು ಕಳಚಿ, ತಾಯ್ನುಡಿ ಮರೆಸುವುದಕ್ಕೆಂದೇ ಹುಟ್ಟಿದ ಶಾಲೆ ಅದು.

ಪಂದ್ಯದ ನಡುವಣ ವಿರಾಮ ದಣಿದವರು ಉಸಿರು ಬಿಡುವ ಹೊತ್ತು. ಈ ಆಟಗಾರರಿಗೆ ಆ ಭಾಗ್ಯವಿರಲಿಲ್ಲ. ಕುಣಿಯಬೇಕು, ಕೈಗೊಡಲಿ ಎಸೆಯಬೇಕು, ಲಿಂಗೋವಿನ ನಾಯಿಗಳ ಚಾತುರ್ಯವನ್ನು ಪ್ರದರ್ಶಿಸಬೇಕು. ಒಬ್ಬನಂತೂ ಕರಡಿಯೊಡನೆ ಕುಸ್ತಿ ಹಿಡಿಯುತ್ತಿದ್ದ. ಶಾಲೆ ಕಳಚಿಸಿದ ವೇಷವನ್ನೇ ಮೈದಾನದಲ್ಲಿ ಮತ್ತೆ ತೊಡಿಸಲಾಯಿತು. ಲಿಂಗೋವನ್ನು ದುಷ್ಟನೆನ್ನಲಾರೆ, ಸಂಬಳ ಕೊಟ್ಟ, ಅವರಲ್ಲಿ ಅಭಿಮಾನವನ್ನೂ ಇಟ್ಟಿದ್ದ. ಆದರೆ ಅವನಿಗೆ ಬೇಕಾಗಿದ್ದುದು ಗೆಲುವಲ್ಲ, ಜನಜಂಗುಳಿ. ಮೊದಲ ವರ್ಷ ಮೂರು ಗೆಲುವು, 1923ರಲ್ಲಿ ಒಂದೇ. ನೋಟದ ಹೊಸತನ ಹಳಸಿತು, ತಂಡ ಮುಗಿಯಿತು.

ಮೂಲನಿವಾಸಿಗಳೆಲ್ಲರಿಗೂ ಪೌರತ್ವ ನೀಡಿದ ಕಾನೂನು ಬಂದದ್ದು ಅದರ ಮರುವರ್ಷ, 1924ರಲ್ಲಿ. ಥಾರ್ಪ್ 1953ರಲ್ಲಿ ತೀರಿಕೊಂಡ. ಪದಕಗಳನ್ನು ಹಿಂದಿರುಗಿಸುವ ತೀರ್ಮಾನವಾದದ್ದು 1982ರಲ್ಲಿ, ಅದೂ ಇತರರೊಡನೆ ಜಂಟಿ ವಿಜೇತನೆಂದು. ಏಕೈಕ ವಿಜೇತನೆಂಬ ಮನ್ನಣೆಗೆ 2022ರವರೆಗೆ ಕಾಯಬೇಕಾಯಿತು.

ಆ ಹದಿನಾರು ಸೋಲುಗಳನ್ನು ನಾನು ಎಣಿಸಲಾರೆ. ವಿರಾಮದಲ್ಲೂ ದಣಿದು, ಮತ್ತೆ ಅಂಗಳಕ್ಕಿಳಿದು ಆಡಿದವರು ನಾಲ್ಕು ಬಾರಿ ಗೆದ್ದರಲ್ಲ, ಅದೇ ನನಗೆ ಸೋಜಿಗ.