ಸರಿಯ ಬಟ್ಟಲು, ತೊಟ್ಟಿಲ ನಿದ್ದೆ



ಮಗು ರಾತ್ರಿ ಎರಡು ಮೂರು ಬಾರಿ ಎದ್ದು ಅತ್ತರೆ ಮನೆಯಲ್ಲಿ ಮೊದಲು ಹೊರಡುವ ಮಾತು ಒಂದೇ: ‘ತಾಯಿಗೆ ಹಾಲು ಸಾಲುತ್ತಿಲ್ಲ. ಮಲಗಿಸುವ ಮುಂಚೆ ಒಂದಿಷ್ಟು ಸರಿ ತಿನ್ನಿಸಿ, ಬೆಳಗಿನವರೆಗೂ ಏಳುವುದಿಲ್ಲ.’ ಮೂರು ತಿಂಗಳ ಕೂಸಿನ ಬಾಯಿಗೂ ಸರಿ ಬೀಳುವುದು ಹೀಗೆ. ಈ ನಂಬಿಕೆಯಲ್ಲಿ ನಿಜವೆಷ್ಟು?

ಅನ್ನಪ್ರಾಶನಕ್ಕೆ ಗೃಹ್ಯಸೂತ್ರಗಳು ಹೇಳಿದ್ದು ಆರನೆಯ ತಿಂಗಳು. ಡಬ್ಬಿಯ ಶಿಶು ಆಹಾರದ ಮಾರಾಟವನ್ನು ಹದ್ದುಬಸ್ತಿನಲ್ಲಿಡಲು ಭಾರತದಲ್ಲಿ 1992ರಲ್ಲಿ ಬಂದ ಕಾಯಿದೆ ಅದನ್ನು ನಾಲ್ಕು ತಿಂಗಳ ನಂತರದ ಆಹಾರವೆಂದು ಗುರುತಿಸಿತ್ತು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೇಳಿತು. 2003ರ ತಿದ್ದುಪಡಿ ಕಾಯಿದೆಯಲ್ಲೂ ನಾಲ್ಕನ್ನು ಆರು ಮಾಡಿತು. ಹೊಸ ವಿಜ್ಞಾನ ಹಳೆಯ ಲೆಕ್ಕದ ಹತ್ತಿರಕ್ಕೇ ಬಂದು ನಿಂತಿದೆ. ವ್ಯತ್ಯಾಸವಿಷ್ಟೆ: ಆರನೆಯ ತಿಂಗಳೆಂದರೆ ಐದು ತುಂಬಿದ ಮೇಲಿನದು, ವೈದ್ಯರು ಹೇಳುವುದು ಆರು ತುಂಬಿದ ಮೇಲೆ, ಅಂದರೆ ಸುಮಾರು 180 ದಿನ.

ಆ ಹೊತ್ತಿಗೇ ಏಕೆ? ಹುಟ್ಟುವಾಗ ಮಗು ತಂದಿದ್ದ ಕಬ್ಬಿಣದ ದಾಸ್ತಾನು ಆಗ ಕರಗುತ್ತ ಬಂದಿರುತ್ತದೆ. ಕತ್ತು ನಿಂತಿರುತ್ತದೆ, ತುತ್ತನ್ನು ನಾಲಿಗೆಯಿಂದ ಹೊರದೂಡುವ ಸ್ವಭಾವ ಕಡಿಮೆಯಾಗಿರುತ್ತದೆ.

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಸರಿಹಿಟ್ಟಿನಲ್ಲಿ ಜಾಣತನವಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ತುಸು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದು. ಪುಟ್ಟ ಹೊಟ್ಟೆಗೆ ಸ್ವಲ್ಪದರಲ್ಲೇ ಹೆಚ್ಚು ಶಕ್ತಿ ಸಿಗುತ್ತದೆ; ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಆದರೆ ಸರಿಯೊಂದೇ ಸಾಲದು. ಬೇಳೆ, ಸೊಪ್ಪು, ಹಣ್ಣು, ತಿನ್ನುವ ಮನೆಗಳಲ್ಲಿ ಮೊಟ್ಟೆ ಒಂದೊಂದಾಗಿ ಸೇರಬೇಕು. 6ರಿಂದ 8 ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಆಮೇಲೆ ಮೂರು ನಾಲ್ಕು ಬಾರಿ. ಜೊತೆಗೆ ತಾಯಿಯ ಹಾಲು ಇದ್ದೇ ಇರಬೇಕು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲದು.

ಇನ್ನು ನಿದ್ದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಮೂರು ತಿಂಗಳಿಂದಲೇ ಆಹಾರ ತಿಂದ ಮಕ್ಕಳು ಹೆಚ್ಚು ಹೊತ್ತು ಮಲಗಿದ್ದು ನಿಜ. ಆದರೆ ಆ ಹೆಚ್ಚಳ ರಾತ್ರಿಗೆ ಕಾಲು ಗಂಟೆಯ ಆಸುಪಾಸು ಮಾತ್ರ. ಅಷ್ಟಕ್ಕಾಗಿ ನೀರಿನಿಂದ, ಪಾತ್ರೆಯಿಂದ ಸೋಂಕು ತಗಲುವ, ತಾಯಿಯ ಹಾಲು ಇಳಿಮುಖವಾಗುವ ಅಪಾಯ ಬೇಕೆ? ಮಗು ಏಳುವುದಕ್ಕೆ ಹಸಿವೊಂದೇ ಕಾರಣವಲ್ಲ. ಅದರ ನಿದ್ದೆಯ ಸುತ್ತುಗಳೇ ಚಿಕ್ಕವು. ಹಗಲು ರಾತ್ರಿಯ ಭೇದ ಮೈಗೂಡಲು ತಿಂಗಳುಗಳೇ ಹಿಡಿಯುತ್ತವೆ. 4ರಿಂದ 11 ತಿಂಗಳ ಮಗುವಿಗೆ ಹಗಲಿನದೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು.

ಇದಕ್ಕೆ ನೆರವಾಗುವುದು ದಿನಚರಿ. ಮಗು ಚುರುಕಾಗಿರುವಾಗ ಕೂರಿಸಿಕೊಂಡು ತಿನ್ನಿಸಬೇಕು. ನಿದ್ದೆಗಣ್ಣಿನಲ್ಲಿ ಮಲಗಿಸಿ ಒಳಲೆಯಿಂದ ಸುರಿಯಬಾರದು. ಹೊಸ ಆಹಾರವನ್ನು ಬೆಳಿಗ್ಗೆ ಕೊಟ್ಟರೆ, ಒಗ್ಗದಿದ್ದುದು ಹಗಲಿನಲ್ಲೇ ತಿಳಿಯುತ್ತದೆ. ರಾತ್ರಿ ದೀಪ ಮಂದವಾಗಲಿ, ದಿನವೂ ಅದೇ ಹೊತ್ತಿಗೆ ಜೋಗುಳ ಕೇಳಲಿ.

ಸರಿ ಇರುವುದು ಮಗು ಬೆಳೆಯಲಿ ಎಂದು, ಮನೆಯವರಿಗೆ ನಿದ್ದೆ ಬರಲಿ ಎಂದಲ್ಲ. ತಾಯಿಯ ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಸಾಕ್ಷಿ ಹೇಳಬೇಕಾದದ್ದು ಅಂಗನವಾಡಿಯ ತಕ್ಕಡಿ; ನಡುರಾತ್ರಿಯ ಅಳು ಅಲ್ಲ.